ಹನ್ನೆರಡನೆಯ ಮನೆಯ ಕಾಗದ

ಸುರಪುರದ ದವಾಖಾನೆ
ತಾ. 13-2-2025, ಗುರುವಾರ

ಪ್ರೀತಿಯ ಮೊಮ್ಮಗಳು ಉಮಾಶ್ರೀಗೆ ಆಯಿಯ ಆಶೀರ್ವಾದ.

ಹೇಗಿದ್ದೀ? ಯಾದಗಿರಿಯ ಹಾಸ್ಟೆಲಿನಲ್ಲಿ ಉಣ್ಣುತ್ತೀಯೋ, ಇಲ್ಲಾ ಗೋಡೆಗೆ ಮುಖ ಮಾಡಿ ಮಲಗಿದ್ದೀಯೋ? ಅತ್ತು ಅತ್ತು ತಲೆ ಹಿಡಿದಿದ್ದರೆ ಮಜ್ಜಿಗೆಗೆ ಜೀರಿಗೆ ಹಾಕಿ ಕುಡಿ. ನನ್ನ ಮೊಣಕಾಲು ಮೊದಲಿನಂತೆಯೇ ಇದೆ, ಏಳುವಾಗ ಬೈಯುತ್ತದೆ, ಕೂಡುವಾಗ ಶಪಿಸುತ್ತದೆ. ನಾಲ್ಕು ದಿನದಿಂದ ನಿನ್ನ ಫೋನು ಬಂದ್ ಇದೆ. ಫೋನು ಬಂದ್ ಮಾಡಿದರೆ ಆಯಿಯ ಬಾಯಿಯೂ ಬಂದ್ ಆಗುತ್ತದೆ ಎಂದುಕೊಂಡೆಯಾ? ನಾಲ್ಕನೇ ತರಗತಿಯವರೆಗೆ ಓದಿದ್ದೇನೆ. ಅಕ್ಷರ ಕೋಳಿ ಕೆದರಿದಂತಿದ್ದರೂ ಓದಲು ಬರುತ್ತದೆ, ಓದು.

ಚಂದ್ರಕಲಾ ಬದುಕಿದ್ದಾಳೆ. ಎಡಗೈ ಮಣಿಕಟ್ಟು ಮುರಿದಿದೆ, ಪಕ್ಕೆಲುಬು ಎರಡು ಬಿರುಕು ಬಿಟ್ಟಿವೆ. ಗಲ್ಲದಿಂದ ತುಟಿಯವರೆಗೆ ಒಂಬತ್ತು ಹೊಲಿಗೆ. ಒಂದು ಕಣ್ಣು ಊದಿ ಮುಚ್ಚಿದೆ, ಇನ್ನೊಂದು ನನ್ನನ್ನೇ ನೋಡುತ್ತದೆ. ಹೊಡೆದವನು ಅವಳ ಗಂಡ, ಗಿರಣಿಯ ಮರಿಲಿಂಗ. ಹೊಡೆದ ಕೈ ಅವನದು, ಪಾಪವೂ ಅವನದೇ. ಅದರಲ್ಲಿ ಒಂದು ಚೂರನ್ನೂ ನಾನು ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ಅವನ ಕೈಗೆ ನೆಪ ಇಟ್ಟವರು ನೀನು ಮತ್ತು ನಾನು. ಆ ಮಾತಾಡಲಿಕ್ಕೇ ಬರೆಯುತ್ತಿದ್ದೇನೆ.

ಕಾಲೇಜಿನ ಕೆಲಸ ಎಂದು ಸಂಕ್ರಾಂತಿ ಮುಗಿಸಿ ನೀನು ಊರಿಗೆ ಬಂದಾಗ ನನಗೆ ಎಷ್ಟು ಹೆಮ್ಮೆಯಿತ್ತು ಗೊತ್ತೇ? ಮನೆಯೊಳಗೆ ಹೆಂಗಸರಿಗೆ ಬೀಳುವ ಏಟನ್ನು ಕೇಳಿ ಬರೆಯುತ್ತೇನೆ ಎಂದೆ. ಸಾಲಿನಲ್ಲಿ ಪ್ರತಿ ಮೂರನೆಯ ಮನೆ ಎಂದೆ. ಅನ್ವರಬಿಯ ಮನೆಗೆ ಹೋಗೋಣ, ಚಹಾ ಛಲೋ ಮಾಡುತ್ತಾಳೆ, ಗಿರಣಿ ಮನೆ ಬಿಟ್ಟುಬಿಡು, ಆ ಮರಿಲಿಂಗ ಹಡಬೆ ಎಂದು ನಾನು ಹೇಳಿದರೆ, "ಬೇಕಾದವರನ್ನ ಆರಿಸಿಕೊಂಡ್ರ ಲೆಕ್ಕ ಸುಳ್ಳಾಗ್ತದ ಆಯಿ" ಎಂದು ನನ್ನ ಬಾಯಿ ಮುಚ್ಚಿಸಿದೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಮಾತಿನಲ್ಲಿ. ಉತ್ತರವನ್ನು ಅವರ ಬಾಯಿಗೆ ನಾವು ಇಡಬಾರದು, ಕೇಳಿ ಹೌಹಾರಬಾರದು. ಒಲ್ಲೆ ಎಂದವಳನ್ನು ಜಗ್ಗಬಾರದು. ಅತ್ತೆ ಪಕ್ಕದಲ್ಲಿದ್ದರೆ ಸೊಸೆ ನಿಜ ಹೇಳುವುದಿಲ್ಲ ಎಂದು ಅತ್ತೆಯರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಹರಟುವ ಕೆಲಸ ನನಗೆ ಕೊಟ್ಟೆ. ಮೂವತ್ತೊಂದು ಮನೆ. ಪ್ರತಿ ಹೊಸ್ತಿಲಲ್ಲೂ ನಾನೇ ಹೇಳಿದ್ದು, "ನಮ್ಮ ಹುಡುಗಿ ಹೆಸರು ಬರಿಯೂದಿಲ್ಲವ್ವ, ಬಾವ್ಯಾಗ ಕಲ್ಲು ಒಗದಂಗ ತಿಳ್ಕೋ" ಎಂದು. ಅವರು ನಿನ್ನನ್ನು ನಂಬಲಿಲ್ಲ, ನಿನ್ನ ವಯಸ್ಸೆಷ್ಟು? ಈ ಬಸ್ಸಮ್ಮನ ಮಾತು ನಂಬಿ ಬಾಯಿ ಬಿಟ್ಟರು.

ನೀನು ಹೆಸರು ಬರೆಯಲಿಲ್ಲ, ನಿಜ. ಒಂದು, ಎರಡು ಎಂದು ನಂಬರು ಹಾಕಿದೆ. ಕೇಳಿ ಬರೆದದ್ದನ್ನು ಹೇಳಿದವರಿಗೇ ತಿರುಗಿ ತಿಳಿಸದಿದ್ದರೆ ಅದು ಕಳವು ಎಂದು, ಮೊನ್ನೆ ಭಾನುವಾರ ಶಾಲೆಯ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಓದಿದೆ. ನನಗೆ ಆ ಮಾತು ಹಿಡಿಸಿತ್ತು. ಹಾಳೆಯ ಒಂದು ಮೂಲೆಯನ್ನು ಹಿಡಿದವಳು ನಾನೇ. ಹನ್ನೆರಡು: ಸ್ವಂತ ಹಿಟ್ಟಿನ ಗಿರಣಿ, ಹೆಣ್ಣುಮಕ್ಕಳು ಇಬ್ಬರು, ತಿಂಗಳಿಗೆ ನಾಲ್ಕು ಸಲ, ಬೆಲ್ಟಿನಿಂದ. ಎಲಾ ಉಮಾ, ನಮ್ಮೂರಲ್ಲಿ ಗಿರಣಿ ಎಷ್ಟು? ಚಂದ್ರಕಲಾ ಎಂದು ಬೀದಿಯಲ್ಲಿ ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ. ಗಿರಣಿಯಾಕೆ ಎಂದರೆ ಎಮ್ಮೆಯೂ ದಾರಿ ತೋರಿಸುತ್ತದೆ. ಯಾರೂ ಕರೆಯದ ಹೆಸರನ್ನು ಬಚ್ಚಿಟ್ಟು, ಊರೆಲ್ಲ ಕರೆಯುವುದನ್ನು ಗೋಡೆಗೆ ಅಂಟಿಸಿದೆವು. ನಿನಗೆ ಪುಸ್ತಕ ಗೊತ್ತು, ಊರು ಗೊತ್ತಿಲ್ಲ. ನನಗೆ ಊರು ಗೊತ್ತಿತ್ತಲ್ಲ, ನನ್ನ ಕಣ್ಣನ್ನೇನು ಹೊಲಿದಿದ್ದರೇ?

ನೀನು ಓದಿ ಮುಗಿಸುವುದರೊಳಗೆ ಹಿಂದಿನಿಂದ ಯಾವನೋ ಕೂಗಿದ, "ಏ ಮರಿಲಿಂಗ, ಜ್ವಾಳ ಸಾಲಲಿಲ್ಲಂತ ಹೇಣ್ತಿನ್ನೂ ಬೀಸಾಕತ್ತೀ ಏನಲೇ?" ಎಲ್ಲರೂ ನಕ್ಕರು. ಮರಿಲಿಂಗನೂ ನಕ್ಕ. ಅವನು ಸಿಟ್ಟಾಗಿದ್ದರೆ ನಾನು ಹೆದರುತ್ತಿರಲಿಲ್ಲ. ನಿನ್ನನ್ನು ಎರಡು ಗಂಟೆಯ ಬಸ್ಸಿಗೆ ಹತ್ತಿಸಿ ಬಂದೆ. ಅಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ, ನಿಮ್ಮಪ್ಪ ಮೆತ್ತಗೆ ಮಾಡಿ ಹೇಳಿರುತ್ತಾನೆ.

ಅನ್ವರಬಿ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗಿದ್ದಾಳೆ. ಶೆಟರು ಇಳಿದಿದೆ, ಒಳಗೆ ಯಂತ್ರ ಓಡುತ್ತಿದೆ. ಕಾಳು ಬಿದ್ದ ಕಲ್ಲಿನ ಸದ್ದು ಬೇರೆ, ಬರಿ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಬೇರೆ. ಮೂವತ್ತು ವರ್ಷ ಹಿಟ್ಟು ಬೀಸಿಸಿದವಳಿಗೆ ಅದು ತಿಳಿಯುವುದಿಲ್ಲವೇ? ಕಾಳಿಲ್ಲದೆ ಗಿರಣಿ ಓಡಿಸುವವನು ಏನನ್ನೋ ಮುಚ್ಚುತ್ತಿದ್ದಾನೆ ಎಂದು ಡಬ್ಬಿ ಒಗೆದು ಶೆಟರಿಗೆ ಕಲ್ಲು ಬಡಿದಳು. ನಾಲ್ವರು ಹೆಂಗಸರು ಸೇರಿ ಶೆಟರು ಎತ್ತಿದಾಗ ಚಂದ್ರಕಲಾ ನೆಲದ ಮೇಲೆ ಮುದುಡಿದ್ದಳು, ಮುಖದ ತುಂಬ ಹಿಟ್ಟು, ಹಿಟ್ಟಿನ ಮೇಲೆ ರಕ್ತ. ಯಂತ್ರದ ಹಳೆಯ ಪಟ್ಟಾದಿಂದ ಮುಖಕ್ಕೆ ಹೊಡೆದಿದ್ದ. ತಡೆಯಲು ಎತ್ತಿದ ಕೈಯನ್ನು ನಟ್ಟು ಬಿಚ್ಚುವ ಕಬ್ಬಿಣದ ಪಾನಾದಿಂದ ಜಜ್ಜಿದ್ದ. ಬಿದ್ದ ಮೇಲೂ ಒದ್ದಿದ್ದಾನೆ. ಆಮೇಲೆ ಅದೇ ಪಾನಾ ಹಿಡಿದು ನಮ್ಮ ಮನೆಗೆ ಬಂದ.

ನಾನು ರೊಟ್ಟಿ ಬಡಿಯುತ್ತಿದ್ದೆ. "ಎಲ್ಲದಾಳ ಆ ಬರಿಯಾಕಿ? ಕಾಗದ ಎಲ್ಲದಾವ?" ಎಂದು ಹೊಸ್ತಿಲು ದಾಟಿದ. ನೀರಿನ ಕೊಡ ಒಡೆದ, ನಿನ್ನ ಪುಸ್ತಕದ ಗೂಡು ಕಿತ್ತು ಒಗೆದ. ನಾನು ಒಲೆಯೊಳಗಿನ ಉರಿಯುವ ಕೊಳ್ಳಿ ಎಳೆದು ಅವನ ಮುಖಕ್ಕೇ ಹಿಡಿದೆ. "ಬಾರೋ ಗಂಡ್ಸ, ನಂಗೂ ಒಂದು ಹೊಡಿ, ನಂದೂ ಗೋಡಿಗೆ ಹಚ್ಚಸ್ತೀನಿ" ಎಂದೆ. ಮೀಸೆ ಚುರ್ ಎಂದು ಸುಟ್ಟಿತು. ಪಾನಾ ನನ್ನ ಭುಜಕ್ಕೆ ತಾಗಿದೆ, ಬಾವು ಇಳಿದಿದೆ, ನಿಮ್ಮಪ್ಪನಿಗೆ ಹೇಳಿಲ್ಲ. ಮರಿಲಿಂಗ ಓಡಿದ. ಇನ್ನೊಂದು ಏಟು ಹಾಕಿ ಕಳಿಸಬೇಕಿತ್ತು ಎಂದು ಈಗಲೂ ಕೈ ತುರಿಸುತ್ತದೆ.

ಈಗ ಅವನು ಏನು ಹೇಳುತ್ತಾನೆ ಕೇಳು. "ಪಟ್ಟಾದಾಗ ಸೀರಿ ಸಿಕ್ಕು ಬಿದ್ದಾಳ್ರಿ, ಬಿಡಿಸಾಕ್ ಹ್ವಾದಾಗ ನಂಗೂ ಸುಟ್ಟದ" ಎನ್ನುತ್ತಾನೆ. ಒಂದು ದಿನವೂ ಕೈ ಎತ್ತಿದವನಲ್ಲವಂತೆ. ಹೆಂಗಸರು ಕಂಡದ್ದು ಶೆಟರು ಎತ್ತಿದ ಮೇಲಿನದು, ಹೊಡೆದದ್ದನ್ನು ಕಂಡವರಿಲ್ಲ. ದಿನಾಲೂ ಮೋಸಂಬಿ ಹಿಡಿದು ದವಾಖಾನೆಯ ಬಾಗಿಲಲ್ಲಿ ಕೂಡುತ್ತಾನೆ, ನೋಡಿದವರಿಗೆ ಕರುಣೆ ಬರಬೇಕು ಹಾಗೆ. ಹಿಂದಿನ ಏಟುಗಳು ತಿಂಗಳು, ವಾರ ಸಮೇತ ಇರುವುದು ಒಂದೇ ಕಡೆ, ನೀನು ಅವಳ ಎದುರು ಕೂತು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡ ಆ ಹನ್ನೆರಡನೆಯ ಕಾಗದದಲ್ಲಿ. ಅದು ಇಲ್ಲದಾದರೆ ಅವನು ಗೆದ್ದ. ಅದು ಪೊಲೀಸರ ಕೈಗೆ ಹೋದರೆ ನಾವು ಕೊಟ್ಟ ಮಾತು ಎರಡನೆಯ ಸಲ ಮುರಿಯಿತು.

ನಿನ್ನ ಗುರುಗಳು ಎಲ್ಲ ಕಾಗದ ಸುಟ್ಟು ಬೇರೆ ವಿಷಯ ತೆಗೆದುಕೋ ಎಂದಿದ್ದಾರೆ, ಬರುವ ಭಾನುವಾರ ಸುಡುತ್ತೇನೆ ಎಂದು ನಿನ್ನನ್ನು ನೋಡಲು ಬಂದ ಅಪ್ಪನಿಗೆ ಹೇಳಿದೆಯಂತೆ. ಮೊದಲು ನನಗೂ ಸುಡುವುದೇ ಸರಿ ಎನಿಸಿತು, ಸುಳ್ಳು ಹೇಳುವುದಿಲ್ಲ. ಸುಟ್ಟರೆ ನನ್ನ ನಾಚಿಕೆಯೂ ಸುಡುತ್ತದಲ್ಲ. ಆದರೆ ಇಲ್ಲಿ ಕೂತು ಅವಳಿಗೆ ಚಮಚೆಯಿಂದ ಗಂಜಿ ಹಾಕುವಾಗ ಅನಿಸಿತು, ನಿನ್ನ ಗುರು ಯಾರು ಸುಡು ಎನ್ನಲು, ನಾನು ಯಾರು ಇಡು ಎನ್ನಲು? ಏಟು ತಿಂದವಳು ಇಲ್ಲಿದ್ದಾಳೆ. ನೀನು ಬರೆಯುವಾಗ ಅವಳನ್ನು ಕೇಳಿದೆ. ಗೋಡೆಗೆ ಅಂಟಿಸುವಾಗ ಕೇಳಲಿಲ್ಲ. ಸುಡುವಾಗಲೂ ಕೇಳುತ್ತಿಲ್ಲ. ಇವತ್ತಿನವರೆಗೆ ನನಗೂ ಕೇಳುವ ಎದೆಯಾಗಿಲ್ಲ. ಈಗ ಅವಳಿಗೆ ನಿದ್ದೆ ಹತ್ತಿದೆ, ಎದ್ದ ಕೂಡಲೇ ಕೇಳುತ್ತೇನೆ. ಅಲ್ಲಿಯವರೆಗೆ ಕಡ್ಡಿಪೆಟ್ಟಿಗೆ ಮುಟ್ಟಿದರೆ ನಿನ್ನ ಕೈ ಮುರಿದು ಒಲೆಗೆ ಇಟ್ಟೇನು.

ಉಳಿದ ಮೂವತ್ತು ಮನೆಯವರು ನನ್ನ ಕಂಡರೆ ಬಾಗಿಲು ಹಾಕುತ್ತಾರೆ. ಹಾಕಲಿ. ಒಂದೊಂದೇ ಬಾಗಿಲು ಬಡಿದು ತಪ್ಪಾಯಿತು ಎಂದು ನೀನೂ ನಾನೂ ಹೇಳಬೇಕು. ನಿನ್ನ ಓದು ಬಿಡಬೇಡ. ಓದಿ ಬಂದವಳೇ ಹೀಗೆ ಮಾಡಿದಳು ಎಂದು ಊರವರು ತಮ್ಮ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂಡಿಸಬಾರದು. ಶರಣಬಸವ ನಿನಗೆ ಬುದ್ಧಿಯನ್ನೂ ಬೆನ್ನೆಲುಬನ್ನೂ ಕೊಡಲಿ.

ನಿನ್ನ ಆಯಿ,
ಬಸ್ಸಮ್ಮ

ತಾ.ಕ. ಚಂದ್ರಕಲಾ ಎದ್ದಳು. ಇಷ್ಟನ್ನೂ ಓದಿ ತೋರಿಸಿ ಕೇಳಿದೆ. ಹೊಲಿದ ತುಟಿಯಲ್ಲೇ ಹೇಳಿದಳು, "ಸುಡಬ್ಯಾಡ ಅನ್ರಿ. ನಾ ಹೇಳಿದ್ದು ನಂದು. ಪೊಲೀಸರಿಗೆ ನಾನ ಕೊಡ್ತೀನಿ." ಶನಿವಾರ ಹನ್ನೆರಡು ಗಂಟೆಗೆ ಹೆಣ್ಣು ಪೊಲೀಸು ಬಂದು ಹೇಳಿಕೆ ಬರೆದುಕೊಳ್ಳುತ್ತಾಳೆ. ಅನ್ವರಬಿ ನಾಳೆ ಯಾದಗಿರಿಗೆ ಬರುತ್ತಾಳೆ, ಅವಳ ಕೈಯಲ್ಲೇ ಈ ಪತ್ರ. ಕಾಗದ ಅವಳ ಕೈಗೆ ಕೊಡಬೇಡ, ನನ್ನ ಕೈಗೂ ಬೇಡ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ನೀನೇ ತಾ, ಚಂದ್ರಕಲಾಳ ಕೈಗೇ ಕೊಡು. ಹನ್ನೆರಡನೆಯದು ಒಂದೇ ತಾ, ಉಳಿದವರು ಕೇಳಿಲ್ಲ. ಬಾಗಿಲಲ್ಲಿ ಮರಿಲಿಂಗ ಕೂತಿರುತ್ತಾನೆ, ಅವನ ಮುಂದೆಯೇ ನಡೆದು ಬಾ, ನಾನು ಅಲ್ಲಿ ನಿಂತಿರುತ್ತೇನೆ. ನಿನ್ನನ್ನು ಬೈಯುವುದೂ ಇದೆಯಂತೆ ಅವಳಿಗೆ. ಹೊಲಿಗೆ ಬಿಚ್ಚಿದ ಮೇಲೆ ಬೈಯುತ್ತಾಳಂತೆ, ಅಲ್ಲಿಯವರೆಗೆ ಇಲ್ಲೇ ಇರಬೇಕಂತೆ. ಚೀಲದಲ್ಲಿ ಎರಡು ಸೀರೆ ಹಾಕಿಕೊಂಡು ಬಾ.