ಶ್ರುತಿ ಇಳಿಯಬೇಕಾದ ಹಾಡು

ನವೆಂಬರ್ ೪, ಸಂಜೆ

ರಿಹರ್ಸಲ್‌ನಲ್ಲಿ ಮತ್ತೆ ಹಾಗೇ ಆಯಿತು. ಎಂಟು ದನಿಗಳೂ ಒಂದರ ಬೆನ್ನಿಗೊಂದು ಸರಿಯಾಗಿಯೇ ಬಂದವು. ಶ್ರುತಿ ಮಾತ್ರ ಇಳಿಯಲಿಲ್ಲ. ಪಿಯಾನೊ ಮರೆತು, ಪಕ್ಕದ ದನಿಯನ್ನಷ್ಟೇ ಕೇಳಿ ಶುದ್ಧವಾಗಿ ಹಾಡಿದರೆ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಇಳಿಯಬೇಕು. ಕೊನೆಗೆ ಅರ್ಧ ಸ್ವರದ ಹತ್ತಿರ. ನಾನು ಬರೆದಿರುವುದೇ ಆ ಇಳಿತವನ್ನು. ಮೂರನೇ ಸುತ್ತಿಗೆ ಯಾರೋ ಎಲ್ಲರನ್ನೂ ಮೇಲಕ್ಕೆಳೆಯುತ್ತಾರೆ.

ಯಾರೋ ಏನು... ತಾವೆತ್. ನನ್ನ ಗಂಡ. ಹುಟ್ಟುವಾಗಲೇ ಸ್ವರಗಳನ್ನು ಕಿವಿಯಲ್ಲಿಟ್ಟುಕೊಂಡು ಬಂದವನು. ಕೆಟಲ್ ಕೂಗಿದರೂ ಯಾವ ಸ್ವರ ಎಂದು ಹೇಳುತ್ತಾನೆ.

ರಾತ್ರಿಗೆ ಸೂಪು, ಕಪ್ಪು ಬ್ರೆಡ್.

ನವೆಂಬರ್ ೬

ಹೆಲ್ವೆ — ನಮ್ಮ ಕಾಯರ್, ಅಂದರೆ ವೃಂದಗಾನದ ತಂಡ, ನಡೆಸುವವಳು — ಕೋಟು ಹಾಕಿಕೊಳ್ಳುತ್ತಾ ಹೇಳಿದಳು:

"ಕ್ಯೂಲ್ಲಿ, ಒಂದೋ ಹಾಡು ಬದಲಾಯ್ಸು, ಇಲ್ಲಾ ಅವನನ್ನ ಬಿಡ್ಸು. ನಾನಂತೂ ಹೇಳೋಲ್ಲಮ್ಮ. ನಿನ್ ಗಂಡ, ನೀನೇ ನೋಡ್ಕೋ."

ನಮ್ಮ ಮದುವೆಗೂ ಮುಂಚಿನಿಂದ ಅವನು ಆ ಕಾಯರಿನಲ್ಲಿದ್ದಾನೆ. ಈ ಊರಿಗೆ, ವಿಲ್ಯಂದಿಗೆ, ಬಂದ ಹೊಸದರಲ್ಲಿ ನನ್ನನ್ನು ಅಲ್ಲಿಗೆ ಕರೆದೊಯ್ದವನೂ ಅವನೇ.

ಹಾಡು ಬದಲಾಯಿಸುವುದಿಲ್ಲ. ಅಷ್ಟು ಗೊತ್ತು.

ನವೆಂಬರ್ ೭

ತಾವೆತ್‌ಗೆ ಹೇಳಿದೆ, ಈ ಹಾಡಿಗೆ ನೀನು ಬೇಡ ಎಂದು. ಆಲೂಗಡ್ಡೆ ಸುಲಿಯುತ್ತಿದ್ದ. ಚಾಕು ನಿಲ್ಲಲಿಲ್ಲ.

"ಸರಿಯಾಗಿ ಹಾಡ್ತೀನಿ ಅಂತ ತೆಗೀತಿದೀಯಾ?"

"ಹೂಂ."

"ಪ್ರಯತ್ನಪಟ್ಟೆ ಕಣೇ. ಕಾಗದದಲ್ಲೊಂದು ಸ್ವರ, ಬಾಯಲ್ಲಿನ್ನೊಂದು. ಕಿವಿ ಒಪ್ಪಲ್ಲ."

"ಗೊತ್ತು."

"ಗೊತ್ತಿಲ್ಲ ನಿಂಗೆ" ಎಂದು ನಲ್ಲಿ ಬಿಟ್ಟ.

ತಪ್ಪು ಮಾಡಿದೆ ಅನ್ನಿಸಲಿಲ್ಲ. ಬೇಜಾರಾಯಿತು. ಎರಡೂ ಬೇರೆ ಬೇರೆ.

ನವೆಂಬರ್ ೧೯

ಅವನಿಲ್ಲದ ರಿಹರ್ಸಲ್. ಇಳಿಯಿತು. ಮೈ ಜುಂ ಎಂದಿತು. ಮನೆಗೆ ಬಂದು ಹೇಳಲು ಬಾಯಿ ತೆರೆದೆ — ಟಿವಿಯಲ್ಲಿ ಸ್ಕೀ ಪಂದ್ಯ ನೋಡುತ್ತಿದ್ದ. ಕೋಟು ತೆಗೆದು ಮೊಳೆಗೆ ಹಾಕಿದೆ.

ನವೆಂಬರ್ ೩೦, ಕಛೇರಿ ಮುಗಿದು

ಚರ್ಚು ತುಂಬಿತ್ತು. ಯಾರೂ ತಪ್ಪಲಿಲ್ಲ. ಚಪ್ಪಾಳೆ, ಮರ್ಯಾದೆಗೆ ಎಷ್ಟು ಬೇಕೋ ಅಷ್ಟು.

ಬಿಟ್ಟಿದ್ದ ಕೋಟು ವಾಪಸು ಪಡೆಯುವ ಸಾಲಿನಲ್ಲಿ ಊರಿನ ಶಾಲೆಯ ಹಳೆಯ ಸಂಗೀತದ ಟೀಚರ್ ಕೈ ಹಿಡಿದುಕೊಂಡರು. "ಚೆನ್ನಾಗಿತ್ತಮ್ಮ. ಕೊನೆಕೊನೇಲಿ ಶ್ರುತಿ ಸ್ವಲ್ಪ ಇಳಿದುಹೋಯ್ತು, ಪಾಪ. ಚಳಿ ನೋಡು. ತಾವೆತ್ ಇದ್ದಿದ್ರೆ ಹಿಡಿದು ನಿಲ್ಲಿಸ್ತಿದ್ದ." ಹಿಂದಿದ್ದ ಇಬ್ಬರು ತಲೆಯಾಡಿಸಿದರು. ವಿವರಿಸಲು ಹೋಗಲಿಲ್ಲ.

ತಾವೆತ್ ಹೊರಗೆ ಕಾರು ಬಿಸಿ ಮಾಡಿ ಕಾಯುತ್ತಿದ್ದ. ಬಂದಿದ್ದಾನೆಂದೇ ಗೊತ್ತಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತಿದ್ದನಂತೆ. ಕೆರೆ ದಾಟಿದೆವು. ಆಮೇಲೆ —

"ಶ್ರುತಿ ನೀನು ಬರೆದ ಜಾಗಕ್ಕೇ ಇಳಿದು ಕೂತ್ಕೊಳ್ತು. ಪ್ರತಿ ಸುತ್ತೂ. ಒಂಚೂರೂ ಆಚೀಚೆ ಇಲ್ಲ."

ಕೇಳಲು ಬಂದವರಲ್ಲಿ ಅದು ಕೇಳಿಸಿದ್ದು ಅವನೊಬ್ಬನಿಗೆ.

"ಸೋಮವಾರದಿಂದ ನಾನೂ ಬರ್ಬಹುದಲ್ಲ?" ಎಂದ. "ಈಗೇನು ಹಾಡಿಸ್ತಾಳೆ ಹೆಲ್ವೆ?"

ಇದೇ ಹಾಡು. ಟಾರ್ಟುವಿನಲ್ಲಿ, ಜನವರಿಗೆ. ನಾನೇ ಒಪ್ಪಿಕೊಂಡು ಬಂದಿದ್ದೆ. ರಸ್ತೆ ಜಾರುತ್ತಿದೆ, ನೋಡಿಕೊಂಡು ಓಡಿಸು ಎಂದೆ.

ಈಗ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದಾನೆ, ಇಬ್ಬರಿಗೂ. ಕರೆಯುತ್ತಿದ್ದಾನೆ. ಹೋಗಿ ಹೇಳಬೇಕು, ಟಾರ್ಟುವಿನಲ್ಲೂ ಇದೇ ಹಾಡು, ಅಲ್ಲೂ ನೀನು ಬೇಡ ಎಂದು, ಇವತ್ತೇ, ಇಲ್ಲದಿದ್ದರೆ ಸೋಮವಾರ ಹೆಲ್ವೆಯ ಬಾಯಿಂದ ಕೇಳುತ್ತಾನೆ.