ನನ್ನ ಗ್ಯಾರೇಜಿನ ಗೋಡೆಯ ಮೇಲಿರುವ ತಮ್ಮ ಕರಪತ್ರ

ಮಾನ್ಯರೇ,

ಪೆಟ್ರೋಲಿಗೆ ಎಥನಾಲ್ ಬೆರೆಸುವ ಯೋಜನೆಯ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಾದ ತಮಗೆ ಒಬ್ಬ ಸ್ಕೂಟರ್ ಮೆಕ್ಯಾನಿಕ್ ಬರೆಯುತ್ತಿರುವ ಬಹಿರಂಗ ಪತ್ರವಿದು. ಕಳೆದ ವಾರ ತಮ್ಮ ಕಚೇರಿಯಿಂದ ಒಬ್ಬರು ನನ್ನ ಗ್ಯಾರೇಜಿಗೆ ಬಂದು, ಗೋಡೆಗೆ ಅಂಟಿಸಿದ್ದ ತಮ್ಮ ಹಳೆಯ ಕರಪತ್ರವನ್ನು ಕಿತ್ತುಕೊಂಡು ಹೋಗಲು ನೋಡಿದರು. ನಾನು ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ನಾಲ್ಕು ಜನರಿಗೆ ಕೇಳುವಂತೆ ಹೇಳುವುದೇ ವಾಸಿ ಎನಿಸಿತು.

ನನಗೆ ಎಥನಾಲ್ ಮೇಲೆ ಹಗೆಯಿಲ್ಲ. ಜೋಳದಿಂದ ತೆಗೆದ ಮದ್ಯಸಾರದಲ್ಲಿ ಗಾಡಿ ಓಡುವುದಾದರೆ ಧಾರಾಳವಾಗಿ ಓಡಲಿ, ಬೆಳೆದವನ ಕೈಗೆ ನಾಲ್ಕು ಕಾಸು ಸಿಗಲಿ. ಪಕ್ಕದ ಹೋಟೆಲಿನವನು ಕರಿದು ಕಪ್ಪಾದ ಎಣ್ಣೆಯನ್ನು ಬಯೋಡೀಸೆಲ್ ಕಂಪನಿಯ ಡ್ರಮ್ಮಿಗೆ ಸುರಿದು, ದೇಶವನ್ನೇ ಉದ್ಧಾರ ಮಾಡಿದವನಂತೆ ಮೀಸೆ ತಿರುವುತ್ತಾನೆ. ಇಂಥ ಇಂಧನಗಳ ಮಾರುಕಟ್ಟೆ ಬೆಳೆಯುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತವೆ, ಕೆಳಗೆ ತಮ್ಮ ನಗುಮುಖದ ಫೋಟೋ ಇರುತ್ತದೆ. ಸಂತೋಷ. ಆದರೆ ಬೆಳೆಯುವ ಮಾರುಕಟ್ಟೆಯ ಕಾಲಡಿ ಯಾರು ಸಿಕ್ಕಿಕೊಂಡರು ಎಂದು ಬಗ್ಗಿ ನೋಡುವ ಕೆಲಸ ಯಾವ ಗುಮಾಸ್ತನ ಪಾಲಿಗೆ ಬಂದಿದೆ?

ನಮ್ಮ ಕಸುಬಿನಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಬೇಕಾದರೆ ಪೈಪಿಗೆ ಬಾಯಿ ಹಚ್ಚಿ ಎಳೆಯುತ್ತೇವೆ. ಕೆಟ್ಟ ಅಭ್ಯಾಸ, ಒಪ್ಪಿದೆ. ಮೂವತ್ತು ವರ್ಷ ಹಾಗೆ ಎಳೆದು ಎಳೆದು ನನ್ನ ನಾಲಗೆಗೆ ಪೆಟ್ರೋಲಿನ ಒಳಗುಟ್ಟೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಒಂದು ದಿನ ರುಚಿ ಬೇರೆಯಾಯಿತು. ಬಾಯಿಗೆ ತಣ್ಣಗೆ ತಾಗಿ, ಆಮೇಲೆ ಗಂಟಲು ಸುಟ್ಟಿತು. ಮಧ್ಯಾಹ್ನ ಊಟಕ್ಕೆ ಹೋದರೆ ಹೆಂಡತಿ ಮೂಗು ಮುಚ್ಚಿಕೊಂಡು, "ಹಗಲು ಹೊತ್ತಲ್ಲೇ ಶುರು ಹಚ್ಕೊಂಡ್ರಾ?" ಎಂದಳು. "ನಾನಲ್ಲ ಕಣೇ, ಸ್ಕೂಟರ್ ಕುಡಿದಿರೋದು" ಎಂದೆ. ಇಬ್ಬರೂ ನಕ್ಕೆವು. ಆಗ ನಗು ಬರುತ್ತಿತ್ತು.

ಆ ತಿಂಗಳೇ ತಮ್ಮ ಕರಪತ್ರ ಬಂತು. ಒಳ್ಳೆಯ ಕಾಗದ, ಮೇಲೆ ಹಸಿರು ಎಲೆಯ ಚಿತ್ರ. "ಹಳೆಯ ವಾಹನಗಳಲ್ಲಿ ಯಾವುದೇ ಬಿಡಿಭಾಗವನ್ನು ಬದಲಾಯಿಸುವ ಅಗತ್ಯವಿಲ್ಲ. ವದಂತಿಗಳಿಗೆ ಕಿವಿಗೊಡಬೇಡಿ." ಓದು ಬಲ್ಲವರು, ಪ್ರಯೋಗಾಲಯ ಇಟ್ಟುಕೊಂಡವರು ಬರೆದ ಮೇಲೆ ನನ್ನ ನಾಲಗೆಯದೇನು ಲೆಕ್ಕ? ಗ್ರೀಸ್ ಮೆತ್ತದ ಜಾಗ ಹುಡುಕಿ ಗೋಡೆಗೆ ಅಂಟಿಸಿದೆ.

ನನ್ನ ಅಕ್ಕ ನರ್ಸು. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ನೋಡಿಕೊಳ್ಳುವ ಕೆಲಸ. ಎಳೆಯ ಮಗುವಿನ ಕೈಯಲ್ಲಿ ನರ ಸಿಗದೆ ಡಾಕ್ಟರೇ ಸೋತಾಗ ಅವಳನ್ನು ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಹಳೆಯ ಸ್ಕೂಟರಿನಲ್ಲೇ ಅವಳ ಓಡಾಟ. ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ನಿಲ್ಲಿಸಿ ಕೂಗಿದಳು.

"ಲೋ, ಪೆಟ್ರೋಲ್ ಪೈಪು ಉಬ್ಬಿಕೊಂಡಿದೆ, ಮುಟ್ಟಿದ್ರೆ ಅಂಟಂಟು. ಸ್ವಲ್ಪ ಬಂದು ನೋಡೋ."

ನಾನು ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತಿದ್ದೆ. ಏಳಲಿಲ್ಲ. ಸ್ಪ್ಯಾನರಿನಲ್ಲೇ ಗೋಡೆ ತೋರಿಸಿ, "ಓದು ಅಲ್ಲಿ. ಇಲಾಖೆಯವರೇ ಬರೆದಿದ್ದಾರೆ, ಏನೂ ಆಗಲ್ಲ" ಎಂದೆ.

ಅಕ್ಕ ಓದಿದಳು. ಹೊರಟುಹೋದಳು.

ಒಂಬತ್ತನೇ ದಿನ ಪೈಪು ಸೀಳಿ, ಪೆಟ್ರೋಲ್ ಕಾದ ಇಂಜಿನ್ ಮೇಲೆ ಸುರಿದು ಹೊತ್ತಿಕೊಂಡಿತು. ಸೀಟಿನ ಕೆಳಗೆ ಲಸಿಕೆಯ ಡಬ್ಬಿ ಇತ್ತು. ಅದನ್ನು ಎಳೆದುಕೊಳ್ಳಲು ಉರಿಯೊಳಗೆ ಬಲಗೈ ಹಾಕಿದಳು. ಡಬ್ಬಿ ಉಳಿಯಿತು. ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಈಗ ಆಸ್ಪತ್ರೆಯ ಕಿಟಕಿಯ ಹಿಂದೆ ಕೂತು ಎಡಗೈಯಲ್ಲಿ ಚೀಟಿ ಬರೆಯುತ್ತಾಳೆ. ಮಗು ಅತ್ತರೆ ತಲೆ ಎತ್ತುತ್ತಾಳೆ, ಮತ್ತೆ ಬಗ್ಗಿಸುತ್ತಾಳೆ. ಅದನ್ನು ನೋಡಲು ನನ್ನಿಂದ ಆಗುವುದಿಲ್ಲ.

ತಮಗೆ ದೂರು ಕೊಟ್ಟೆವು. "ವಾಹನವನ್ನು ನುರಿತ ಮೆಕ್ಯಾನಿಕ್‌ನಿಂದ ತಪಾಸಣೆ ಮಾಡಿಸದೇ ಇರುವುದು ಬಳಕೆದಾರರ ನಿರ್ಲಕ್ಷ್ಯವಾಗಿರುತ್ತದೆ" ಎಂದು ಉತ್ತರ ಬಂತು. ಎಂಥ ಚೊಕ್ಕ ವಾಕ್ಯ! ಜೊತೆಗೊಂದು ಹೊಸ ಕರಪತ್ರ. ಅದೇ ಹಸಿರು ಎಲೆ, ಅದೇ ಕ್ರಮಸಂಖ್ಯೆ, ಎರಡು ವರ್ಷ ಹಿಂದಿನ ಅದೇ ತಾರೀಖು. ಒಂದು ಸಾಲು ಮಾತ್ರ ಬೇರೆ: "ಹಳೆಯ ವಾಹನಗಳ ರಬ್ಬರ್ ಪೈಪುಗಳನ್ನು ಬದಲಾಯಿಸುವುದು ಕಡ್ಡಾಯ." ಅಂದರೆ ತಾವು ಮೊದಲಿನಿಂದಲೂ ಎಚ್ಚರಿಸುತ್ತಲೇ ಇದ್ದಿರಿ, ಓದಲು ಬಾರದವರು ನಾವು, ಅಲ್ಲವೇ? ಕಳೆದ ವಾರ ಬಂದವರೂ ಬಹಳ ನಯವಾಗಿಯೇ ಮಾತಾಡಿದರು. "ಹಳೇದು ಮಾಸಿ ಹೋಗಿದೆ ಬಿಡಿ, ಹೊಸದು ಅಂಟಿಸ್ಕೊಡ್ತೀನಿ" ಎಂದು ಉಗುರಿನಿಂದ ಮೂಲೆ ಕೆರೆಯತೊಡಗಿದರು. ನಾನು ಅವರ ಕೈ ಹಿಡಿದೆ.

ಈ ಪತ್ರವನ್ನು ಮೊದಲು ಅಕ್ಕನಿಗೆ ಓದಿ ಹೇಳಿದೆ. ಆಗ ಇದರಲ್ಲಿ ಸ್ಪ್ಯಾನರಿನ ಮಾತಿರಲಿಲ್ಲ, ತಪ್ಪೆಲ್ಲ ತಮ್ಮ ತಲೆಗೇ ಕಟ್ಟಿದ್ದೆ. ಅವಳು ಪೂರ್ತಿ ಕೇಳಿ, "ನಾನು ಕರೆದಾಗ ನೀನು ಏಳಲಿಲ್ಲ. ಅದನ್ನೂ ಬರಿ" ಎಂದಳು.

ಬರೆದಿದ್ದೇನೆ. ನುರಿತ ಮೆಕ್ಯಾನಿಕ್ ನಾನೇ. ಎರಡು ಹೆಜ್ಜೆ ದೂರದಲ್ಲಿದ್ದ ಪೈಪನ್ನು ಎದ್ದು ಮುಟ್ಟಿ ನೋಡಲಿಲ್ಲ. ನನ್ನ ತಪ್ಪನ್ನು ನನ್ನ ಊರಿನವರೆಲ್ಲ ಓದುವಂತೆ ಬರೆದಿದ್ದೇನೆ. ಈಗ ತಮ್ಮ ಸರದಿ. ಅದೇ ಒಳ್ಳೆಯ ಕಾಗದದಲ್ಲಿ, ಅದೇ ದೊಡ್ಡ ಅಕ್ಷರದಲ್ಲಿ, ಇವತ್ತಿನ ತಾರೀಖು ಹಾಕಿ, "ಮೊದಲು ಹೇಳಿದ್ದು ತಪ್ಪು" ಎಂದು ಅಚ್ಚು ಹಾಕಿಸಿ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಹಚ್ಚಿಸಿ. ನನ್ನ ಬೇಡಿಕೆ ಇಷ್ಟೇ. ಅಲ್ಲಿಯವರೆಗೆ ಹಳೆಯದು ನನ್ನ ಗೋಡೆಯ ಮೇಲೇ ಇರುತ್ತದೆ. ಅದರ ಪಕ್ಕದಲ್ಲಿ ಸೀಳಿದ ಪೈಪನ್ನು ಮೊಳೆಗೆ ನೇತುಹಾಕಿದ್ದೇನೆ.

ಇಂತಿ,
ಸ್ವಂತ ನಾಲಗೆಗಿಂತ ತಮ್ಮ ಕಾಗದವನ್ನು ನಂಬಿದ,
ಆ ನರ್ಸಿನ ತಮ್ಮ