ಮಡಚದ ಮೊಣಕಾಲು

೧೦ ಜನವರಿ ೧೯೫೫, ಸೋಮವಾರ

ನಮ್ಮ ಮನೆಯವರ ಬಲ ಮೊಣಕಾಲು ಇನ್ನೂ ಮಡಚುತ್ತಿಲ್ಲ. ಹುತುತು, ಅಂದರೆ ಕಬಡ್ಡಿ ಆಟದಲ್ಲಿ ಹಿಂದೆ ನಿಂತು, ನುಗ್ಗಿ ಬಂದವನನ್ನು ಯಾರು ಯಾವಾಗ ಹಿಡಿಯಬೇಕೆಂದು ಹೇಳುವುದು ಅವರ ಕೆಲಸ. ಹೋದ ತಿಂಗಳು ಯಾವಗಲ್ ಊರಿನವರೆದುರು ಸೋಲುವ ಹಾಗೆ ಕಂಡಾಗ ತಂಡದ ಹಿರಿಯರಾದ ಅಂದಾನಪ್ಪನವರು, "ನಿನ್ನಷ್ಟು ಚುರುಕು ಯಾರದಾರೋ? ದಮ್ಮು ಹಿಡದು ನೀನ ಹೋಗು" ಎಂದು ಇವರನ್ನೇ ಮತ್ತೆ ಮತ್ತೆ ಎದುರಾಳಿಗಳ ಅಂಕಣಕ್ಕೆ ಕಳಿಸಿದರು. ಕೊನೆಗೆ ಆ ಕಡೆಯವರೆಲ್ಲರೂ ಇವರನ್ನು ಹಿಡಿದು ಆ ಕಾಲಿನ ಮೇಲೆಯೇ ಬಿದ್ದರು.

ಸಂಜೆ ಆಟದ ಗೆಳೆಯ ಹನಮಪ್ಪ ಬಂದಿದ್ದ.

"ನೀ ಇಲ್ಲದ ನಾವು ಕುರಿಹಿಂಡು ಆಗೇವಿ."

"ನಾ ಇದ್ದಾಗ ಏನ್ ಹುಲಿ ಆಗಿದ್ರೇನಲೇ?" ಎಂದು ಇವರೂ ನಕ್ಕರು.

ಅವನು ಹೋದ ಮೇಲೆ ನೇಯುವ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ತಮ್ಮನ್ನು ಕೂರಿಸೆಂದರು. ಎಡಗಾಲು ಮಗ್ಗದ ಕಾಲುಹಲಗೆ ತುಳಿಯಿತು. ಬಲಗಾಲು ಜಾರಿತು. ನಾನು ಕೆಳಗಿಳಿದು ಆ ಪಾದ ಹಿಡಿದು ಹಲಗೆಯ ಮೇಲೆ ಒತ್ತಿದೆ. ಒಂದೆಳೆ ನೇಯ್ದು, "ಸಾಕು, ಏಳು" ಅಂದರು. ಪಾದ ಬಿಡಲು ಮನಸ್ಸಾಗಲಿಲ್ಲ. ಹಾಗೇ ಕೂತಿದ್ದೆ...